ಜ್ವರದ ಹಾಲು

ನನ್ನ ಚೊಚ್ಚಲ ಮಗನು ಹುಟ್ಟಿದ್ದು ಹೊಸ ಪೈಸೆ ಬಂದ ತಿಂಗಳಲ್ಲಿ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 16 ಆಣೆ ಹೋಗಿ 100 ಪೈಸೆ ಎಂದಾಗಿ, ಮೂಡಲಗಿಯ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಮುದುಕಿಯರು ಆ ಪುಟ್ಟ ನಾಣ್ಯವನ್ನು ಅಂಗೈಯ ಮೇಲೆ ಹೊರಳಿಸಿ ನೋಡಿ, ನಂಬುಗೆ ಹುಟ್ಟದೆ ಗಿರಾಕಿಗೇ ಮರಳಿಸುತ್ತಿದ್ದ ಕಾಲವದು; ನಮ್ಮ ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿ ಆಗಿನ್ನೂ ಅರ್ಧ ವರ್ಷ ತುಂಬಿರಲಿಲ್ಲ. ಯಾರಾದರೂ ಮೊಮ್ಮಗನ ವಯಸ್ಸನ್ನು ಕೇಳಿದರೆ ನನ್ನ ಅವ್ವ ತಿಥಿವಾರಗಳ ಗೋಜಿಗೆ ಹೋಗದೆ, "ಹೊಸ ಪೈಸಾ ಬಂದಾಗ ಹುಟ್ಟ್ಯಾನ್ರೀ" ಎಂದು ಬಿಡುವಳು. ಆದರೆ ಅದೇ ವರ್ಷ ನಮ್ಮ ಸೀಮೆಗೆ ಬಂದ ಇನ್ನೊಂದರ ದೆಸೆಯಿಂದ ಆ ಕೂಸಿನ ಆಯುಷ್ಯವು ಎರಡೇ ತಿಂಗಳಿಗೆ ತೀರಿಹೋಗುವುದರಲ್ಲಿದ್ದಿತೆಂಬುದನ್ನು ಅವಳು ಯಾರ ಮುಂದೆಯೂ ಆಡುತ್ತಿರಲಿಲ್ಲ. ಅರವತ್ತು ವರ್ಷಗಳಿಗೂ ಮಿಕ್ಕಿ ನಾನೂ ಆಡಲಿಲ್ಲ. 2021ರ ಬೇಸಗೆಯಲ್ಲಿ, ಗೋಕಾಕದ ನಮ್ಮ ಮನೆಯ ಮುಚ್ಚಿದ ಬಾಗಿಲೊಂದರ ಮುಂದೆ ನಿಂತು ಅದನ್ನು ಹೇಳಬೇಕಾಗಿ ಬಂದಿತು. ಹೇಳಿದ ತರುವಾಯ ಬರೆದಿಡುವುದೂ ಕರ್ತವ್ಯವೆಂದು ತೋರಿತು.

ನನ್ನ ತವರು ಮೂಡಲಗಿ. ಈಗ ಅದೊಂದು ತಾಲೂಕಿನ ಮುಖ್ಯಸ್ಥಳ. ಆಗ ಗೋಕಾಕ ತಾಲೂಕಿಗೆ ಸೇರಿದ, ಶಿವಬೋಧರಂಗನ ಮಠದ ಹೆಸರಿನಿಂದ ಸುತ್ತಲಿನ ಸೀಮೆಗೆ ಪರಿಚಿತವಾದ, ಎರೆಮಣ್ಣಿನ ಊರು. ಕೊಟ್ಟ ಮನೆ ಹುಕ್ಕೇರಿ, ಆದಿಲಶಾಹಿ ಕಾಲದ ಗುಮ್ಮಟಗಳು ಇಂದಿಗೂ ನಿಂತಿರುವ ಊರು. ನಮ್ಮ ಯಜಮಾನರು ಮಾತ್ರ ಈ ಎರಡು ಊರುಗಳಲ್ಲಿಯೂ ಇರದೆ, ಘಟಪ್ರಭೆಯು ಬಂಡೆಯ ಅಂಚಿನಿಂದ ಸುಮಾರು 170 ಅಡಿ ಕೆಳಕ್ಕೆ ಧುಮುಕುವ ಗೋಕಾಕ ಫಾಲ್ಸಿನಲ್ಲಿ, 1887ರಿಂದ ಆ ನೀರಿನ ಬಲದಿಂದಲೇ ನಡೆಯುತ್ತ ಬಂದಿದ್ದ ನೂಲಿನ ಗಿರಣಿಯಲ್ಲಿ ಕಾರಕೂನರಾಗಿದ್ದರು. ಹೀಗೆ ನನ್ನ ಸಂಸಾರವು ಆರಂಭದಿಂದಲೂ ಮೂರೂರುಗಳ ನಡುವೆ ಹಂಚಿಹೋಗಿದ್ದಿತು. ಮದುವೆಯಾಗಿ ಎರಡು ವರ್ಷಗಳಾಗಿದ್ದರೂ ಅತ್ತೆಯವರನ್ನು ಕಂಡರೆ ನನಗೆ ಎದೆ ನಡುಗುವುದು ತಪ್ಪಿರಲಿಲ್ಲ. ಅವರು ಬಯ್ದವರಲ್ಲ, ಹಂಗಿಸಿದವರಲ್ಲ. ಆದರೆ ದಿನಕ್ಕೆ ಹತ್ತು ಮಾತಿನ ಮೇಲೆ ಹನ್ನೊಂದನೆಯದನ್ನು ಆಡದ ಅವರ ಮೌನವೇ ಹತ್ತೊಂಬತ್ತು ವರ್ಷದ ಹುಡುಗಿಗೆ ಸಿಟ್ಟಿನಂತೆ ಕಾಣುತ್ತಿದ್ದಿತು. ಹಬ್ಬಹರಿದಿನಗಳಲ್ಲಿ ಮನೆಯ ಹೆಣ್ಣುಮಕ್ಕಳೆಲ್ಲರ ಮುಡಿಗೂ ತಾವೇ ಮಲ್ಲಿಗೆಯ ದಂಡೆ ಕಟ್ಟಿ ಮುಡಿಸಿ, ತಾವು ಮಾತ್ರ ಒಂದೆಳೆ ಅಬ್ಬಲಿಗೆಯನ್ನು ಮುಡಿದುಕೊಳ್ಳುವರು. ಅದನ್ನೂ ನಾನು ಅವರ ಬಿಗುವಿನ ಲಕ್ಷಣವೆಂದೇ ಎಣಿಸಿದ್ದೆನು.

ನಮ್ಮ ಕಡೆಯ ರೂಢಿಯಂತೆ ಮೊದಲ ಬಾಣಂತನ ತವರಿನಲ್ಲಾಯಿತು. ಬಾಣಂತಿಯ ಕೋಣೆಯೆಂದರೆ ಬೆಳಕಿಗೆ ಹೆದರಿದ ಕೋಣೆ: ಕಿಟಕಿಗೆ ಗೋಣಿತಟ್ಟು, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಬಾಗಿಲ ಸಂದಿಯಲ್ಲಿ ಬೇವಿನ ಸೊಪ್ಪು, ಮೂಲೆಯಲ್ಲಿ ಲೋಬಾನದ ಹೊಗೆ. ಈಗಿನವರು ನಕ್ಕಾರು; ಆದರೆ ಆ ಕೋಣೆಯಲ್ಲಿ ನನಗಾದ ಆರೈಕೆಯಂಥದು ಆ ಮೇಲೆ ಜೀವಮಾನದಲ್ಲಿ ಮತ್ತೊಮ್ಮೆ ದೊರೆಯಲಿಲ್ಲ. ಮುಂಜಾನೆ ಅಳವಿಯ ಪಾಯಸ, ಮಧ್ಯಾಹ್ನ ಬಳ್ಳೊಳ್ಳಿ ಹಾಕಿದ ಮೆತ್ತನ್ನ ನುಚ್ಚು ಮತ್ತು ಹಾಲು ಹೆಚ್ಚಲೆಂದು ಸಬ್ಬಸಗಿಯ ಪಲ್ಲೆ, ಇಳಿಹೊತ್ತಿಗೆ ಒಣಕೊಬ್ಬರಿ ಉತ್ತತ್ತಿಗಳನ್ನು ಕುಟ್ಟಿ ತುಪ್ಪದಲ್ಲಿ ಹುರಿದ ಅಂಟಿನೊಡನೆ ಬೆಲ್ಲದ ಪಾಕಕ್ಕೆ ಹಾಕಿ ಕಟ್ಟಿದ ಉಂಡಿ. ಇಂದು ಡಬ್ಬಿಗಳಲ್ಲಿ ತುಂಬಿಕೊಂಡು ದೇಶಾಂತರಕ್ಕೆ ಹೋಗುವ ಗೋಕಾಕದ ಕರದಂಟು ಆ ಉಂಡಿಯ ಒಡಹುಟ್ಟಿದ್ದೇ ಸರಿ; ಪೇಟೆಗೆ ಬಂದು ಅದು ಸಿಹಿತಿಂಡಿಯಾಯಿತು, ನಮ್ಮ ಮನೆಗಳಲ್ಲಿ ಅದು ಬಾಣಂತಿಯ ನಡುವಿಗೆ ಬಲ. ನನಗೆ ಹಾಲು ಸಮೃದ್ಧವಾಗಿದ್ದಿತು. ಕೂಸು ಎರಡು ತಿಂಗಳಿಗೆ ಕೆನ್ನೆ ತುಂಬಿಕೊಂಡು, ಮೊಲೆಯನ್ನು ಬಿಟ್ಟು ನಕ್ಕು ಮತ್ತೆ ಹಿಡಿಯುವ ಆಟವನ್ನು ಕಲಿತುಕೊಂಡಿದ್ದಿತು.

ಆ ವರ್ಷ ಮೇ ತಿಂಗಳಲ್ಲಿ ಹಡಗಿನ ಪ್ರಯಾಣಿಕರೊಡನೆ ಮದ್ರಾಸಿನ ಬಂದರಿಗೆ ಇಳಿದ ಫ್ಲೂ ಜ್ವರವು, ರೈಲುಮಾರ್ಗಗಳಗುಂಟ ದೇಶವನ್ನೆಲ್ಲ ವ್ಯಾಪಿಸುತ್ತ, ಕಾರಹುಣ್ಣಿಮೆ ಕಳೆಯುವಷ್ಟರಲ್ಲಿ ನಮ್ಮ ಸೀಮೆಯನ್ನೂ ಮುಟ್ಟಿತು. ಏಷ್ಯಾದ ಫ್ಲೂ ಎಂದು ಅದಕ್ಕೆ ಪತ್ರಿಕೆಗಳಲ್ಲಿ ಹೆಸರು. ನಮ್ಮ ಓಣಿಯಲ್ಲಿ ಮನೆಗೆ ಇಬ್ಬರಂತೆ ಮಲಗಿದರು. ಮಳೆ ಬಿದ್ದು ಹದವಾದ ಹೊಲಗಳಿಗೆ ಕೂರಿಗೆ ಹೂಡುವವರಿಲ್ಲವಾಯಿತು. ಮಣ್ಣೆತ್ತಿನ ಅಮಾವಾಸ್ಯೆಗೆ ಇನ್ನು ಆರೇಳು ದಿನಗಳಿರುವಾಗ, ಒಂದು ಇಳಿಹೊತ್ತಿನಲ್ಲಿ, ಕೂಸಿಗೆ ಮೊಲೆಯೂಡುತ್ತ ಕುಳಿತಿದ್ದ ನನಗೆ ಮೈಯೆಲ್ಲ ಮುರಿದಂತಾಗಿ, ದೀಪ ಹಚ್ಚುವ ಹೊತ್ತಿಗೆ ಮೂರು ಕಂಬಳಿಗಳ ಕೆಳಗೂ ಹಲ್ಲು ಕಟಕಟಿಸತೊಡಗಿದವು.

ಅದೇ ರಾತ್ರಿ ನನ್ನ ಮಗ್ಗುಲಿನಿಂದ ಕೂಸನ್ನು ಎತ್ತಿಕೊಂಡರು. ಎತ್ತಿಕೊಂಡವಳು ನನ್ನ ಆಯಿ, ತಂದೆಯ ತಾಯಿ. "ಜರದ ಹಾಲು ಕೂಸಿಗೆ ನಂಜ ಆಗತೈತಿ ತಂಗೀ, ಹಟಾ ಮಾಡಬ್ಯಾಡ" ಎಂದಳು. ಅವಳ ದನಿಯಲ್ಲಿ ಕಾಠಿಣ್ಯವಿರಲಿಲ್ಲ. ಭಯವಿದ್ದಿತು, ಮತ್ತು ಆ ಭಯಕ್ಕೆ ಕಾರಣವೂ ಇದ್ದಿತು. 1918ರ ದೊಡ್ಡ ಬೇನೆಯನ್ನು, ಹಿಂದುಸ್ಥಾನದಲ್ಲಿ ಕೋಟಿಗೂ ಮಿಕ್ಕಿ ಜನರನ್ನು ನುಂಗಿದ ಆ ಇನ್‌ಫ್ಲುಯೆಂಜಾವನ್ನು, ಅವಳು ಪ್ರಾಯದಲ್ಲಿ ಕಣ್ಣಾರೆ ಕಂಡವಳು. ತನ್ನ ಒಡಹುಟ್ಟಿದ ತಂಗಿ ಜ್ವರದಲ್ಲಿಯೇ ಕೂಸಿಗೆ ಮೊಲೆಯೂಡುತ್ತ ಪ್ರಾಣಬಿಟ್ಟಳೆಂದೂ, ಬೆಳಗಾಗುವುದರಲ್ಲಿ ಕೂಸೂ ಹೋಯಿತೆಂದೂ, ಎರಡನ್ನೂ ಒಂದೇ ಕುಣಿಯಲ್ಲಿಟ್ಟರೆಂದೂ ಅವಳು ಹೇಳುತ್ತಿದ್ದುದನ್ನು ನಾವು ಚಿಕ್ಕಂದಿನಲ್ಲಿ ಎಷ್ಟೋ ಸಲ ಕೇಳಿದ್ದೆವು. ತಾಯಿಯ ಹಾಲೇ ಆ ಕೂಸನ್ನು ಕೊಂದಿತೆಂಬುದು ಆಯಿಯ ಮನಸ್ಸಿನಲ್ಲಿ 39 ವರ್ಷಗಳಿಂದ ಕಲ್ಲಿನ ಶಾಸನವಾಗಿ ಕೂತಿದ್ದಿತು. ಆ ಶಾಸನವನ್ನು ಅಳಿಸುವ ವಿದ್ಯೆಯಾಗಲಿ ಬಲವಾಗಲಿ ಜ್ವರದಲ್ಲಿ ಬಿದ್ದಿದ್ದ ನನಗೆಲ್ಲಿಂದ ಬರಬೇಕು?

ಕೂಸನ್ನು ಪಡಸಾಲೆಯ ಆಚೆಯ ಕೋಣೆಗೆ ಒಯ್ದರು. ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ. ಗೋಡೆಯ ಆಚೆ ಅದು ಅತ್ತರೆ ಈಚೆ ನನ್ನ ಎದೆ ಜುಮ್ಮೆಂದು, ನಾನು ಬೇಡವೆಂದರೂ ಹಾಲು ಒಸರಿ ಕುಪ್ಪಸ ಸೀರೆಗಳು ತೊಯ್ದು ಹೋಗುತ್ತಿದ್ದವು. ಜ್ವರದ ಮಂಪರಿನಲ್ಲಿ ನನಗೆ ದಿನ ಯಾವುದು, ಹೊತ್ತು ಎಷ್ಟೆಂಬುದರ ಪರಿವೆ ತಪ್ಪಿದ್ದಿತು. ಕೂಸು ಎಷ್ಟು ಸಲ ಅತ್ತಿತೆಂಬ ಲೆಕ್ಕ ಮಾತ್ರ ತಪ್ಪಲಿಲ್ಲ. ಎದೆ ಬಿಗಿದಾಗ ಅವ್ವ ಹಿತ್ತಾಳೆಯ ಬಟ್ಟಲಿನಲ್ಲಿ ಹಾಲನ್ನು ಹಿಂಡಿಸಿಕೊಂಡು, ಅದನ್ನು ಕಾಲಿಗೆ ಸಿಗುವಲ್ಲಿ ಚೆಲ್ಲಬಾರದೆಂದು ಹಿತ್ತಲಿನ ನುಗ್ಗೆಯ ಗಿಡದ ಬುಡಕ್ಕೆ ಹಾಕಿ ಬರುವಳು. ಹಸಿದ ಕೂಸು ಒಂದು ಗೋಡೆಯಾಚೆ ಇರಲು, ಅದರ ಆಹಾರವನ್ನು ಗಿಡದ ಬುಡಕ್ಕೆ ಎರೆದು ಬರುವಾಗ ಅವಳ ಕಣ್ಣಿನಲ್ಲಿಯೂ ನೀರಿದ್ದಿತು. ಆದರೂ ಆಯಿಯ ಮಾತನ್ನು ಮೀರುವ ಧೈರ್ಯ ಅವಳಿಗೆ ಬರಲಿಲ್ಲ. ಎರಡನೆಯ ದಿನಕ್ಕೆ ಎಡದ ಎದೆಯಲ್ಲಿ ಬಾವು ಬಂದು, ಚರ್ಮವು ಕೆಂಪೇರಿ ಹೊಳೆಯುತ್ತ, ಬೆರಳು ತಾಗಿದರೆ ಚೀರುವ ಹಾಗಾಯಿತು. ಹಿಂಡಿಸಿಕೊಳ್ಳುವುದೂ ನಿಂತಿತು.

ಅತ್ತ ಕೂಸಿಗೆ ಆಕಳ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಹಾಕುತ್ತಿದ್ದರು. ಆ ನೀರು ಕುದಿಸಿದ್ದೋ ಅಲ್ಲವೋ, ಒಳಲೆಯನ್ನು ತೊಳೆದವರು ಯಾರೋ, ಮನೆಯ ತುಂಬ ಬೇನೆ ಬಿದ್ದ ದಿನಗಳಲ್ಲಿ ನೋಡುವವರು ಯಾರಿದ್ದರು! ಎರಡನೆಯ ರಾತ್ರಿಗೆ ಭೇದಿ ಹತ್ತಿತು. ಜ್ವರಕ್ಕೆ ಗುಳಿಗೆ ಕೊಟ್ಟು ಹೋಗಲು ಬಂದ ವೈದ್ಯರೊಬ್ಬರು ಅವಸರದಲ್ಲಿ ಬಾಗಿಲಿನಿಂದಲೇ ಕೂಸನ್ನು ನೋಡಿ, ಡಬ್ಬಿಯ ಹಾಲಿನ ಪುಡಿಯನ್ನು ತರಿಸಿರೆಂದು ಹೇಳಿ ಸೈಕಲ್ಲನ್ನೇರಿದರು. ಅವರಿಗಾಗಿ ಇನ್ನೂ ಹತ್ತು ಮನೆಗಳು ಕಾದಿದ್ದವು. ಮೂರನೆಯ ದಿನ ಮಧ್ಯಾಹ್ನದ ತರುವಾಯ ಗೋಡೆಯಾಚೆಯ ಅಳು ಕೇಳಿಸದಾಯಿತು. ಕೂಸು ಮಲಗಿತೆಂದು ಮನೆಯವರು ಸಮಾಧಾನಪಟ್ಟರು. ನನಗೆ ಮಾತ್ರ ಆ ಮೌನದಲ್ಲಿ ಕಾಯುವುದು ಸಹಿಸಲಸಾಧ್ಯವಾಗಿ, ಹೊರಸಿನಿಂದಿಳಿದು ಗೋಡೆಯನ್ನು ಹಿಡಿದುಕೊಂಡು ಹೊರಟವಳು ಹೊಸ್ತಿಲಲ್ಲಿ ಬಿದ್ದೆನು.

ಅದೇ ಸಂಜೆ ಆಯಿ ಓಣಿಯ ಹುಡುಗಿಯರಿಂದ ಮಲ್ಲಿಗೆಯ ಮೊಗ್ಗುಗಳನ್ನು ಒಂದು ಬುಟ್ಟಿಯ ತುಂಬ ಕೊಯ್ಯಿಸಿ ತರಿಸಿದಳು. ತಿಳಿಯದವರಿಗಾಗಿ ಹೇಳುತ್ತೇನೆ: ಕೂಸು ಸತ್ತ ತಾಯಿಯ ಹಾಲನ್ನು ಬತ್ತಿಸಲು ಮೊಲೆಗಳ ಮೇಲೆ ಮಲ್ಲಿಗೆಯನ್ನು ಹರಡಿ ಬಟ್ಟೆಯಿಂದ ಬಿಗಿಯಾಗಿ ಕಟ್ಟುವ ರೂಢಿ ನಮ್ಮ ನಾಡಿನಲ್ಲಿ ಹಿಂದಿನಿಂದ ಬಂದದ್ದು. ಅದು ಬರಿಯ ನಂಬುಗೆಯಲ್ಲವೆಂಬುದನ್ನು 1980ರ ದಶಕದಲ್ಲಿ ವೆಲ್ಲೂರಿನ ವೈದ್ಯರು ಪರೀಕ್ಷಿಸಿ ನೋಡಿ, ಹಾಲು ನಿಲ್ಲಿಸುವ ಗುಳಿಗೆಯಷ್ಟೇ ಪರಿಣಾಮವು ಹೂವಿಗೂ ಉಂಟೆಂದು ಬರೆದರು. ನನ್ನ ಬಾವಿನ ವೇದನೆಯನ್ನು ನೋಡಲಾರದೆ, ಹೇಗಿದ್ದರೂ ಕುಡಿಸಲಾಗದ ಹಾಲು ಬತ್ತಿಹೋದರೆ ಮಗಳು ಉಳಿದಾಳೆಂದು ಆಯಿ ನಿರ್ಧರಿಸಿದ್ದಳು. ನನಗೆ ಬೇಡವೆನ್ನುವ ಶಕ್ತಿಯೂ ಇರಲಿಲ್ಲ. ಬುಟ್ಟಿ ನನ್ನ ತಲೆಯ ಬದಿಗಿದ್ದಿತು. ಮೊಗ್ಗುಗಳು ಬಿರಿಯುವ ಹೊತ್ತು, ಕೋಣೆಯೆಲ್ಲ ಘಮಘಮಿಸುತ್ತಿದ್ದಿತು.

ಆಗ ಹುಕ್ಕೇರಿಯಿಂದ ಅತ್ತೆಯವರು ಬಂದರು. ಗಿರಣಿಯ ಚಾಳಿನಲ್ಲಿ ತಾವೂ ಜ್ವರದಿಂದ ಮಲಗಿದ್ದ ನಮ್ಮ ಯಜಮಾನರು ಯಾರ ಕೈಯಲ್ಲಿಯೋ ಸುದ್ದಿ ಕಳಿಸಿದ್ದರಂತೆ. ಬಸ್ಸಿನಲ್ಲಿ ಅಷ್ಟು ದೂರ, ಮುಂದೆ ಕೆಸರಿನ ದಾರಿಯಲ್ಲಿ ಚಕ್ಕಡಿಯಲ್ಲಿ ಇಷ್ಟು ದೂರ ಬಂದಿದ್ದ ಅವರ ಸೀರೆಯ ನಿರಿಗೆಗಳು ಮೊಣಕಾಲಿನವರೆಗೆ ಕೆಸರಾಗಿದ್ದವು. ಬಾಗಿಲಲ್ಲಿ ಕಾಲು ತೊಳೆದುಕೊಂಡು ಒಳಗೆ ಬಂದವರು ನನ್ನನ್ನು ನೋಡಲಿಲ್ಲ, ಬುಟ್ಟಿಯನ್ನು ನೋಡಿದರು. ಎಷ್ಟು ಹೊತ್ತು ನೋಡಿದರೋ ತಿಳಿಯದು. ಕೂಸು ಹೋಯಿತೆಂದೇ ಅವರು ಭಾವಿಸಿದರೆಂಬುದು ನನಗೆ ಅರ್ಥವಾದದ್ದು ಬಹಳ ದಿನಗಳ ಮೇಲೆ. ಆಚೆಯ ಕೋಣೆಯಲ್ಲಿ ಅದು ಜೀವದಿಂದಿದೆಯೆಂದು ಅವ್ವ ಹೇಳಿದೊಡನೆ ಹೋಗಿ ಎತ್ತಿಕೊಂಡು ಬಂದು, ದೀಪದ ಹತ್ತಿರ ಹಿಡಿದು, ಅದರ ನೆತ್ತಿಯ ಮೇಲೆ ಬೆರಳಾಡಿಸಿ, "ನೆತ್ತಿ ಕುಣಿ ಬಿದ್ದೈತಿ. ಬೀಗ್ತ್ಯಾರ, ಒಂದು ಗುಂಡಿ ನೀರ ಕಾಸ್ರಿ" ಎಂದರು. ಬಳಿಕ ಬುಟ್ಟಿಯತ್ತ ಕೈ ತೋರಿಸಿ, "ಇದನ್ನ ಹೊರಗ ಒಯ್ರಿ" ಎಂದರು.

ಆಯಿ ಅಡ್ಡ ಬಂದಳು. ವಯಸ್ಸಿನಲ್ಲಿ ಹಿರಿಯಳು, ತನ್ನ ಮನೆ, ತನ್ನ ಮೊಮ್ಮಗಳು. ಮಾತು ಬೆಳೆಯುವ ಸಂದರ್ಭವೇ ಸರಿ. ಅತ್ತೆಯವರು ವಾದಿಸಲಿಲ್ಲ. ಆಯಿಯ ಕಾಲು ಮುಟ್ಟಿ, "ಆಯೀ, ಬ್ಯಾರೆ ಹಾಲ ಮೂರ ದಿನಾ ಕುಡಿಸಿ ನೋಡೀರಿ. ನಂಗ ಒಂದ ರಾತ್ರಿ ಕೊಡ್ರಿ" ಎಂದರು. ನನ್ನ ಅತ್ತೆಯವರು ಬೇಡಿಕೊಂಡದ್ದನ್ನು ನಾನು ಕಂಡದ್ದು ಆ ಒಂದೇ ಸಲ.

ಅಂದು ರಾತ್ರಿ ಅವರು ಮಾಡಿದ್ದನ್ನು ಕ್ರಮವಾಗಿ ಹೇಳುವುದು ಅವಶ್ಯವೆಂದು ತಿಳಿಯುತ್ತೇನೆ, ಏಕೆಂದರೆ ಪ್ರೀತಿಯೊಂದರಿಂದಲೇ ಆ ಕೂಸು ಉಳಿಯಲಿಲ್ಲ. ಪ್ರೀತಿಗೆ ನಮ್ಮ ಮನೆಯಲ್ಲಿ ಮೊದಲೂ ಕೊರತೆಯಿರಲಿಲ್ಲ. ಕಿಟಕಿಯ ಗೋಣಿತಟ್ಟನ್ನು ತೆಗೆದರು. ಕುದಿದ ನೀರಿನಲ್ಲಿ ತೊಳೆದ ಧೋತರದ ತುಂಡೊಂದನ್ನು ನನ್ನ ಮೂಗುಬಾಯಿಗಳಿಗೆ ಅಡ್ಡವಾಗಿ ಕಟ್ಟಿ, ನನ್ನ ಕೈಗಳನ್ನು ತಾವೇ ಬಿಸಿನೀರಿನಲ್ಲಿ ತಿಕ್ಕಿ ತೊಳೆದರು. ಕಾದ ಬಟ್ಟೆಯನ್ನು ಬಾವಿನ ಮೇಲೆ ಇಟ್ಟು, ಮೆತ್ತಗಾಗುವವರೆಗೆ ಬೆರಳಿನಿಂದ ತೊಟ್ಟಿನ ಕಡೆಗೆ ನೀವಿದರು. ನಾನು ನೋವಿನಿಂದ ಒದ್ದಾಡಿದರೆ ಮೊಣಕಾಲಿನಿಂದ ನನ್ನನ್ನು ಅದುಮಿ ಹಿಡಿದರೇ ಹೊರತು ಕೈ ತೆಗೆಯಲಿಲ್ಲ. ಮೊದಲು ಬಂದ ಹಾಲನ್ನು, ಕೂಸಿಗೆ ಚೀಪುವ ತ್ರಾಣವಿಲ್ಲವೆಂದು ಕಂಡು, ಕುದಿಸಿ ಆರಿಸಿದ ಒಳಲೆಯಿಂದ ಹನಿಹನಿಯಾಗಿ ಅದರ ಕೆನ್ನೆಯ ಒಳಬದಿಗೆ ಬಿಟ್ಟರು. ಒಂದು ಹನಿ ನುಂಗುವವರೆಗೆ ಎರಡನೆಯದನ್ನು ಬಿಡರು. ಹೀಗೆ ನಡುರಾತ್ರಿಯಾಯಿತು. ಗಂಟೆಗೊಮ್ಮೆ ನನಗೆ ಜೀರಿಗೆ ಹಾಕಿ ಕುದಿಸಿದ ನೀರು, ನಡುನಡುವೆ ಉಪ್ಪು ಹಾಕಿದ ತಿಳಿಗಂಜಿ. ಎರಡನೆಯ ಜಾವದ ತರುವಾಯ ನನ್ನನ್ನು ಬಲಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ತಲೆದಿಂಬನ್ನು ಆನಿಸಿ, ತಾವು ಹೊರಸಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಕೂಸನ್ನು ಎರಡೂ ಕೈಗಳಲ್ಲಿ ಹಿಡಿದು ಮೊಲೆಗೆ ಒಡ್ಡಿದರು. ಅದು ಬಾಯಿ ತೆರೆಯಿತು, ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಎಳೆದ ಸೆಳವು ನನ್ನ ಬೆನ್ನುಹುರಿಯವರೆಗೆ ತಾಗಿತು. "ಎಳದಾ" ಎಂದರು ಅತ್ತೆಯವರು, ಅಷ್ಟೇ.

ಬಾವು ಬಂದ ಎಡದ ಮೊಲೆಯನ್ನೂ ಕುಡಿಸದೆ ಬಿಡಲಿಲ್ಲ, ಬಿಟ್ಟರೆ ಕೀವಾಗುವುದೆಂದರು. ಮೂರು ದಿನಗಳಲ್ಲಿ ಕೆಂಪು ಇಳಿಯಿತು. ಐದನೆಯ ದಿನ ನನ್ನ ಜ್ವರ ಬಿಟ್ಟಿತು. ಕೂಸು ಎರಡು ದಿನ ಸೀನಿ ಕೆಮ್ಮಿ ಮೈ ಬೆಚ್ಚಗೆ ಮಾಡಿಕೊಂಡಿತು. ಆಯಿಯು ಗೋಡೆಗೆ ಒರಗಿ ಕುಳಿತು ಆ ಎರಡು ದಿನ ಅನ್ನವನ್ನೇ ಮುಟ್ಟಲಿಲ್ಲ. ಮೂರನೆಯ ದಿನ ಕೂಸಿನ ಸೀನು ಕೆಮ್ಮುಗಳೂ ಹೋದವು. ಅತ್ತೆಯವರು ಹನ್ನೊಂದು ರಾತ್ರಿ ಆ ನೆಲದ ಮೇಲೆಯೇ ಇದ್ದರು.

ಅವರು ತಮ್ಮ ಮಾತನ್ನು ಹೇಳಿದ್ದು ಹೊರಡುವ ಹಿಂದಿನ ದಿನ, ನನ್ನ ತಲೆ ಬಾಚುತ್ತ, ಬೆನ್ನ ಹಿಂದಿನಿಂದ. ನಮ್ಮ ಯಜಮಾನರೇ ಅವರ ಹಿರಿಯ ಮಗನೆಂದು ನಾನು ತಿಳಿದಿದ್ದೆನು. ಅವರಿಗಿಂತ ಮೊದಲು ಒಂದು ಹೆಣ್ಣು ಕೂಸು ಹುಟ್ಟಿದ್ದಿತಂತೆ. ಅತ್ತೆಯವರಿಗಾಗ ಹದಿನೇಳು ವರ್ಷ. ತೊಟ್ಟಿಲಿಗೆ ಹಾಕಿ ಹೆಸರಿಡುವುದರೊಳಗಾಗಿ ಅವರಿಗೆ ಚಳಿಜ್ವರ ಬಂದಿತು. ಕೂಸನ್ನು ದಾಯಾದಿಗಳ ಮನೆಗೆ ಒಯ್ದರು. "ಒಂಬತ್ತ ದಿನಾ. ನಂಗ ಯಾರೂ ಕೇಳಲಿಲ್ಲ ತಂಗೀ, ನಾನೂ ಕೇಳಲಿಲ್ಲ. ಹತ್ತನೇ ದಿನಾ ಮುಂಜೇಲೆ ಮಲ್ಲಿಗಿ ಹೂವಾ ತಂದ್ರು. ಆಗ ತಿಳೀತು ನಂಗ." ಕೈ ನಿಂತಿದ್ದಿತು, ಸ್ವಲ್ಪ ಹೊತ್ತಿನ ಮೇಲೆ ಬಾಚಣಿಗೆ ಮತ್ತೆ ಚಲಿಸಿತು. ನಾನು ತಿರುಗಿ ಅವರ ಮುಖವನ್ನು ನೋಡಲಿಲ್ಲ. ನೋಡಬೇಕಾಗಿದ್ದಿತೇನೋ ಎಂಬ ವ್ಯಥೆ ಈಗಲೂ ಉಂಟು.

ಮುಂದೆ ಮುಲ್ಕಿ ಪರೀಕ್ಷೆಯ ಬಲದಿಂದ ಕನ್ನಡ ಶಾಲೆಯಲ್ಲಿ ಶಿಕ್ಷಕಿಯಾಗಿ, ಸಿಕ್ಕಿದ ಪುಸ್ತಕಗಳನ್ನು ಓದುವ ಅಭ್ಯಾಸ ಬೆಳೆದ ಮೇಲೆ, ಈ ವಿಷಯವನ್ನು ಬಿಡದೆ ಹುಡುಕಿದೆನು. ಆಯಿಯ ಭಯವು ಕೇವಲ ಹಳ್ಳಿಯ ಮುದುಕಿಯ ಅಜ್ಞಾನವೆಂದು ಬಗೆಯುವವರು ಸುಶ್ರುತ ಸಂಹಿತೆಯ ಶಾರೀರಸ್ಥಾನವನ್ನು ನೋಡಬೇಕು: ಹಸಿದವಳು, ಶೋಕಾರ್ತೆ, ಬಳಲಿದವಳು ಎಂಬವರ ಸಾಲಿನಲ್ಲಿಯೇ ಜ್ವರಪೀಡಿತೆಯ ಸ್ತನ್ಯವನ್ನೂ ಕೂಸಿಗೆ ಕೊಡಬಾರದೆಂದು ಅಲ್ಲಿ ವಿಧಿಸಿದೆ. ಆದರೆ ಅದೇ ಆಯುರ್ವೇದವು ಅಂಥ ಸಂದರ್ಭಕ್ಕಾಗಿ ಆರೋಗ್ಯವಂತಳಾದ ಧಾತ್ರಿಯನ್ನು, ಎಂದರೆ ಮೊಲೆಯೂಡುವ ದಾದಿಯನ್ನು, ಆರಿಸುವ ಬಗೆಯನ್ನೂ ವಿಸ್ತಾರವಾಗಿ ಹೇಳಿತು. ಆಕಳ ಹಾಲಿಗೆ ಬಾವಿಯ ನೀರನ್ನು ಬೆರೆಸಿರೆಂದು ಬಿಡಲಿಲ್ಲ. ನಮ್ಮ ಮನೆಗಳಲ್ಲಿ ನಿಷೇಧವಷ್ಟೇ ಉಳಿದು, ಧಾತ್ರಿ ಇಲ್ಲವಾದಳು. ಅಳಿದ ಶಾಸ್ತ್ರಕ್ಕಿಂತ ಅರ್ಧ ಉಳಿದ ಶಾಸ್ತ್ರ ಹೆಚ್ಚು ಅಪಾಯಕರವೆಂದು ನನ್ನ ತಿಳಿವಳಿಕೆ.

ಇಂದಿನ ವೈದ್ಯವು ಹೇಳುವುದೇ ಬೇರೆ. ಫ್ಲೂ ಜ್ವರದ ಬೀಜವು ತಾಯಿಯ ಉಸಿರು, ಕೆಮ್ಮು, ಕೈಗಳಿಂದ ಕೂಸಿಗೆ ತಾಗುವುದಲ್ಲದೆ ಹಾಲಿನ ಮೂಲಕ ತಾಗುವುದಿಲ್ಲ. ತಾಯಿಗೆ ಜ್ವರ ಕಾಣಿಸಿಕೊಳ್ಳುವ ಹಿಂದಿನ ದಿನವೇ ಅವಳ ಉಸಿರಿನಲ್ಲಿ ರೋಗವಿರುವುದರಿಂದ, ನಾವು ಅವಸರದಿಂದ ಎತ್ತಿಕೊಂಡು ಓಡುವ ಕೂಸು ಅಷ್ಟರಲ್ಲಿ ಅದನ್ನು ಉಂಡಿರುವುದು. ಎತ್ತಿಕೊಂಡು ಹೋಗುವುದರಿಂದ ಅದಕ್ಕೆ ತಪ್ಪುವುದು ರೋಗವಲ್ಲ. ರೋಗವನ್ನೆದುರಿಸಲೆಂದು ತಾಯಿಯ ದೇಹವು ಸಿದ್ಧಪಡಿಸಿ ಹಾಲಿನಲ್ಲಿ ಬೆರೆಸುವ ಪ್ರತಿಕಾಯಗಳು. ಮೊಲೆಯು ಬರಿದಾದಷ್ಟೂ ಹಾಲು ಹುಟ್ಟುವುದೆಂಬುದೂ, ಕಟ್ಟಿಹೋದರೆ ಹಾಲು ಕುಗ್ಗಿ ಬಾವು ಏಳುವುದೆಂಬುದೂ, ಬಾವಿದ್ದ ಮೊಲೆಯನ್ನೂ ಕೂಸಿಗೆ ಕುಡಿಸುತ್ತಲೇ ಇರಬೇಕೆಂಬುದೂ ಈಗ ಗ್ರಂಥಗಳಲ್ಲಿವೆ. ಅಕ್ಷರ ಬಾರದ ನನ್ನ ಅತ್ತೆಯವರು ಇವನ್ನು ಯಾವ ಗ್ರಂಥದಿಂದ ಅರಿತರು? ಒಂಬತ್ತು ದಿನಗಳು ತಾವು ಮಾಡದೆ ಹೋದದ್ದನ್ನು 27 ವರ್ಷ ಮನಸ್ಸಿನಲ್ಲಿ ಮತ್ತೆ ಮತ್ತೆ ಮಾಡಿ ನೋಡುತ್ತ ಅರಿತಿದ್ದರೆಂದು ನನಗನಿಸುತ್ತದೆ.

2021ರ ಮೇ ತಿಂಗಳಲ್ಲಿ ಗೋಕಾಕದ ಮನೆಯಲ್ಲಿ ನನ್ನ ಮೊಮ್ಮಗಳಿಗೆ ಕೋವಿಡ್ ಬಂದಿತು. ಅವಳ ಮಡಿಲಲ್ಲಿ ನಾಲ್ಕು ತಿಂಗಳ ಹೆಣ್ಣು ಕೂಸು. ಲಾಕ್‌ಡೌನಿನ ದಿನಗಳು, ಪೇಟೆ ಮುಚ್ಚಿದ್ದಿತು, ದವಾಖಾನೆಗಳಲ್ಲಿ ಹಾಸಿಗೆ ಸಿಗುವುದು ದುಸ್ತರವಾಗಿದ್ದಿತು, ಫೋನು ಬಾರಿಸಿದರೆ ಸಾವಿನ ಸುದ್ದಿಯೋ ಎಂದು ಹೆದರುವ ಕಾಲ. ಪರಿಚಿತರಾದ ತಿಳಿದವರೊಬ್ಬರು ಕೂಸನ್ನು ಕೂಡಲೇ ಬೇರ್ಪಡಿಸಿ ಡಬ್ಬಿಯ ಹಾಲು ಹಾಕಿರೆಂದು ಫೋನಿನಲ್ಲಿ ಹೇಳಿದರು; ನನ್ನ ಸೊಸೆ ಹಾಗೆಯೇ ಮಾಡಿದಳು. ಮುಚ್ಚಿದ ಬಾಗಿಲಿನ ಒಳಗಿನಿಂದ ಮೊಮ್ಮಗಳು ಅಳುವುದೂ, ಹೊರಗೆ ಕೂಸು ಅಳುವುದೂ ಮನೆಯ ಹಿಂದಿನ ಕೋಣೆಯಲ್ಲಿದ್ದ ನನಗೆ ಕೇಳಿಸಿತು. 64 ವರ್ಷಗಳ ಕೆಳಗಿನ ಲೆಕ್ಕವು ತಾನಾಗಿಯೇ ಮತ್ತೆ ಆರಂಭವಾಯಿತು: ಒಂದು ಸಲ, ಎರಡು ಸಲ, ಮೂರು ಸಲ. ನಾನೆದ್ದೆನು. ಮುದುಕಿ ಹೊರಗೆ ಬರಬಾರದೆಂದು ಎಲ್ಲರೂ ಕೂಗಿಕೊಂಡರೂ ಮುಖಕ್ಕೆ ಸೆರಗನ್ನು ಬಿಗಿದು ಆ ಬಾಗಿಲಿನ ಮುಂದೆ ನಿಂತು, ಯಾರಿಗೂ ಹೇಳದಿದ್ದ ಮೂಡಲಗಿಯ ಮಾತನ್ನು ಮೊದಲಿನಿಂದ ಹೇಳಿದೆನು. ಮನೆಯವರು ಕೇಳಿದರು, ಆದರೆ ನಂಬಿದ್ದು ಮರುದಿನ ಬೆಳಿಗ್ಗೆ ಆಶಾ ಕಾರ್ಯಕರ್ತೆಯು ಆಮ್ಲಜನಕದ ಪ್ರಮಾಣ ನೋಡಲು ಬಂದು, ಅಂಗಳದಲ್ಲಿ ನಿಂತುಕೊಂಡೇ, "ಮಾಸ್ಕ್ ಹಾಕ್ಕೊಂಡು, ಕೈ ತೊಳ್ಕೊಂಡು ಎದಿಹಾಲ ಕುಡಸ್ರಿ, ಬಂದ್ ಮಾಡಬ್ಯಾಡ್ರಿ" ಎಂದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿಯೇ ಜಗತ್ತಿನ ತಾಯಂದಿರಿಗೆ ಹೇಳಿದ್ದೂ ಅದೇ. ಧೋತರದ ತುಂಡಿನ ಬದಲು ಮಾಸ್ಕು. ಮಿಕ್ಕದ್ದರಲ್ಲಿ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಹನ್ನೊಂದು ತಾಸಿನ ಅಗಲಿಕೆಯ ಮೇಲೆ ಕೂಸು ತಾಯಿಯನ್ನು ಸೇರಿತು.

ಎಲ್ಲ ಬೇನೆಗಳಲ್ಲಿಯೂ ಹೀಗೆಯೇ ಮಾಡಿರೆಂದು ನಾನು ಹೇಳಲಾರೆನು. ಕೆಲವು ಔಷಧಗಳು ಹಾಲಿಗಿಳಿಯುತ್ತವೆ; ಕ್ಷಯ, ಎಚ್‌ಐವಿಗಳಲ್ಲಿ ತಾಯಿಗೂ ಕೂಸಿಗೂ ಔಷಧಕ್ರಮವು ಮೊದಲೇ ಗೊತ್ತಾಗಬೇಕು, ಆಗ ಅಲ್ಲಿಯೂ ಬಹುಪಾಲು ತಾಯಂದಿರು ಹಾಲೂಡಬಲ್ಲರೆಂದು ಈಗಿನ ವೈದ್ಯರು ಹೇಳುತ್ತಾರೆ. ಅದನ್ನು ಬಲ್ಲ ವೈದ್ಯರನ್ನೇ ಕೇಳಬೇಕು, ಫೋನಿನ ಹಿತೈಷಿಗಳನ್ನಲ್ಲ. ನನ್ನ ಬಿನ್ನಹವು ಅದಕ್ಕಿಂತ ಚಿಕ್ಕದು. ನಿಮ್ಮ ಮನೆಯ ಬಾಣಂತಿಗೆ ಜ್ವರ ಬಂದರೆ, ಅವಳ ಮಗ್ಗುಲಿನಿಂದ ಕೂಸನ್ನು ಎತ್ತುವ ಮೊದಲು ಅವಳನ್ನು ಒಂದು ಮಾತು ಕೇಳಿರಿ. ಅವಳಿಗೆ ಕುಡಿಯಲು ನೀರು ಕೊಡಿರಿ. ಅವಳ ಕೈಗಳಿಗೆ ತ್ರಾಣವಿಲ್ಲದಿದ್ದರೆ ನಿಮ್ಮ ಕೈಗಳಲ್ಲಿ ಕೂಸನ್ನು ಹಿಡಿದು ಅವಳೆದೆಗೆ ಒಡ್ಡಿರಿ.

ಅತ್ತೆಯವರು 1979ರ ಚೈತ್ರಮಾಸದಲ್ಲಿ ಹುಕ್ಕೇರಿಯಲ್ಲಿ ತೀರಿಕೊಂಡರು. ಮುತ್ತೈದೆಯಾಗಿ ಹೋದ ಅವರ ಮುಡಿಗೆಂದು ಓಣಿಯ ಹೆಂಗಸರು ಹೊಸದಾಗಿ ಕಟ್ಟಿದ ಮಲ್ಲಿಗೆಯ ದಂಡೆಯನ್ನು ತಂದಿದ್ದರು. ನಾನು ಅದನ್ನು ಬದಿಗಿಡಿಸಿ, ಹಿತ್ತಲಿಗೆ ಹೋಗಿ ಅಬ್ಬಲಿಗೆಯನ್ನು ಕೊಯ್ದು ತಂದು ಕಟ್ಟಿ ಮುಡಿಸಿದೆನು. ಕಾರಣವನ್ನು ಕೇಳಿದವರಿಗೆ ಅಂದು ನಾನು ಏನನ್ನೂ ಹೇಳಲಿಲ್ಲ.